ಅಳಿಸುವುದಕ್ಕೆಂದೇ ಬರೆದ ಚಿತ್ರ

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ನರ್ಸ್ ಆಗಿರುವ ನಮ್ಮ ಚಿಕ್ಕಮ್ಮನ ಮಗಳು ಹೋದ ವರ್ಷ ರಜೆಗೆಂದು ಹಾಸನಕ್ಕೆ ಬಂದಿದ್ದಾಗ ಮನೆಯವರಿಗೆಲ್ಲ ಚಾಕೊಲೇಟು, ಸೆಂಟು ಹಂಚಿದಳು. ನಾನು ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟರಾಗಿದ್ದವನೆಂಬ ಕಾರಣಕ್ಕೋ ಏನೋ, ನನಗೆ ಮಾತ್ರ ಹಳೆಯ ದುಪಟ್ಟಾದಲ್ಲಿ ಸುತ್ತಿ ತಂದಿದ್ದ ಒಂದು ಹಲಗೆಯನ್ನು ಕೊಟ್ಟು, "ಅಣ್ಣ, ಇದು ಬಣ್ಣ ಅಲ್ಲ, ಮರಳು. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ" ಎಂದು ಎಚ್ಚರಿಸಿದಳು.

ಒಂದು ಅಡಿ ಚೌಕದ ಹಲಗೆ ಅದು. ನೆಲವೆಲ್ಲ ಒಣಗಿದ ಹೊಳೆದಂಡೆಯ ಬಣ್ಣ. ಅದರ ಮೇಲೆ ಕಡ್ಡಿಯ ಹಾಗೆ ನೀಳವಾಗಿ ನಿಂತ ಎರಡು ಆಕೃತಿಗಳು, ನಡುವೆ ಒಂದು ಮುಸುಕಿನ ಜೋಳದ ಗಿಡ, ಮೂರು ಕಡೆಯಿಂದಲೂ ಎಲ್ಲವನ್ನೂ ಬಳಸಿಕೊಂಡಿರುವ ಕಾಮನಬಿಲ್ಲಿನಂಥ ಪಟ್ಟೆ. ಆ ಪಟ್ಟೆಗೂ ಒಂದು ತುದಿಯಲ್ಲಿ ತಲೆ, ಇನ್ನೊಂದು ತುದಿಯಲ್ಲಿ ಕಾಲು ಇದ್ದವು. ನಾಲ್ಕನೆಯ ಕಡೆ ಮಾತ್ರ ತೆರೆದಿತ್ತು. ಬೆರಳಾಡಿಸಿದರೆ ಬಡಗಿಗಳ ಉಪ್ಪುಕಾಗದವನ್ನು ಮುಟ್ಟಿದಂತಾಗುತ್ತಿತ್ತು. ನಡುಮನೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕದಲ್ಲೇ ಒಂದು ಮೊಳೆ ಖಾಲಿ ಇದ್ದುದರಿಂದ ಅಲ್ಲಿಗೇ ತೂಗುಹಾಕಿದೆ. ಮರುದಿನ ಬೆಳಿಗ್ಗೆ ಕಸ ಗುಡಿಸುತ್ತಿದ್ದ ನನ್ನ ಹೆಂಡತಿ ಗೋಡೆಯ ಬುಡದಲ್ಲಿ ಉದುರಿದ್ದ ನಾಲ್ಕಾರು ಮರಳಿನ ಕಣಗಳನ್ನು ಅಂಗೈಯಲ್ಲಿ ಹಿಡಿದು ತಂದು, "ಇವನ್ನ ಕಸಕ್ಕೆ ಹಾಕಬಹುದೋ, ಹಾಕಬಾರದೋ? ಅದು ದೇವರ ಪಟವೋ, ಶೋಕಿ ಸಾಮಾನೋ, ಮೊದಲು ಹೇಳಿ" ಎಂದಳು. ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಅಲ್ಲಿಂದ ಆರು ತಿಂಗಳು ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಓದಿದ್ದರಲ್ಲಿ ಒಂದು ಭಾಗವನ್ನು, ನನ್ನ ತಕರಾರುಗಳನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಆ ಹಲಗೆ ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರದು. ಅವರು ತಮ್ಮನ್ನು ಕರೆದುಕೊಳ್ಳುವುದು 'ದಿನೇ' ಎಂದು. ಅದರ ಅರ್ಥ 'ಜನ' ಎಂದಷ್ಟೇ. ಅರಿಜೋನಾ, ನ್ಯೂ ಮೆಕ್ಸಿಕೊ ಮತ್ತು ಯೂಟಾ ರಾಜ್ಯಗಳಲ್ಲಿ ಹರಡಿರುವ ಅವರ ಸ್ವಾಯತ್ತ ನಾಡಿನ ವಿಸ್ತೀರ್ಣ ಸುಮಾರು 71,000 ಚದರ ಕಿಲೋಮೀಟರು, ಅಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಕಾಯಿಲೆ ಬಿದ್ದವನಿಗೆ, ಯುದ್ಧದಿಂದ ಮರಳಿದವನಿಗೆ, ಮನಸ್ಸು ಕದಡಿದವನಿಗೆ ಅವರಲ್ಲಿ ಹಾಡಿನ ಮೂಲಕ ಚಿಕಿತ್ಸೆ ಮಾಡುವ ಪದ್ಧತಿಯಿದೆ. ಅದನ್ನು ನಡೆಸುವವನನ್ನು 'ಹತಾಲೀ', ಎಂದರೆ ಹಾಡುಗಾರ, ಎನ್ನುತ್ತಾರೆ. ಕೆಲವು ವಿಧಿಗಳು ಒಂಬತ್ತು ರಾತ್ರಿ ನಡೆಯುತ್ತವೆ. ಅವುಗಳ ನಡುವೆ ಹೊಗಾನ್ ಎಂಬ ದುಂಡನೆಯ ಅಥವಾ ಎಂಟು ಮೂಲೆಯ ಮನೆಯ ನೆಲದ ಮೇಲೆ ಬರೆಯುವುದೇ ಈ ಮರಳಿನ ಚಿತ್ರ. ನವಾಹೊ ಭಾಷೆಯಲ್ಲಿ ಅದಕ್ಕಿರುವ ಹೆಸರು 'ಈಕಾಹ್'. ದೇವತೆಗಳು ಬಂದು ಹೋಗುವ ಜಾಗ ಎಂಬುದು ಅದರ ಭಾವ. ಈ ಹೆಸರಿನಲ್ಲಿ ಚಿತ್ರ ಎಂಬ ಮಾತೇ ಇಲ್ಲ, ಜಾಗ ಎಂಬ ಮಾತಿದೆ ಎನ್ನುವುದನ್ನು ನಾನು ಬಹಳ ತಡವಾಗಿ ಗಮನಿಸಿದೆ.

ನೆಲಕ್ಕೆ ಮೊದಲು ಶುಭ್ರವಾದ ಮರಳು ಹರಡಿ ಸಮ ಮಾಡುತ್ತಾರೆ. ಬಿಳಿಗೆ ಜಿಪ್ಸಮ್ ಕಲ್ಲಿನ ಪುಡಿ, ಕೆಂಪಿಗೆ ಕೆಂಪು ಮರಳುಗಲ್ಲು, ಹಳದಿಗೆ ಹಳದಿ ಕಾವಿಮಣ್ಣು, ಕಪ್ಪಿಗೆ ಇದ್ದಿಲು. ನೀಲಿಗೆ ಪ್ರತ್ಯೇಕ ಕಲ್ಲಿಲ್ಲ. ಇದ್ದಿಲನ್ನೂ ಬಿಳಿಯನ್ನೂ ಬೆರೆಸಿದಾಗ ಬರುವ ಬೂದುನೀಲಿಯೇ ಅವರ ನೀಲಿ. ಕೆಲವೆಡೆ ಜೋಳದ ಹಿಟ್ಟು, ಹೂವಿನ ಪರಾಗವೂ ಉಂಟು. ಪುಡಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ಎಳೆಯಾಗಿ ಬಿಡುತ್ತಾರೆಂದು ಓದಿದಾಗ ನನಗೆ ನಗು ಬಂತು. ಹಾಸನದ ಯಾವ ಮನೆಯ ಮುಂದೆಯಾದರೂ ಬೆಳಿಗ್ಗೆ ಆರು ಗಂಟೆಗೆ ನಿಂತು ನೋಡಿ, ಆ ಬೆರಳುಗಳ ಕೆಲಸ ನಿಮಗೆ ಕಾಣುತ್ತದೆ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ನಮ್ಮಲ್ಲಿ ರಂಗೋಲಿ ಹೆಂಗಸರದು, ಹೊಸಿಲಾಚೆಯದು, ದಿನನಿತ್ಯದ್ದು. ಅಲ್ಲಿ ಅದು ಬಹುಮಟ್ಟಿಗೆ ಗಂಡಸರದು, ಮನೆಯೊಳಗಿನದು, ಒಬ್ಬ ರೋಗಿಯ ಹೆಸರಿನಲ್ಲಿ ಮಾತ್ರ ಬರೆಯುವಂಥದು. ದಿಕ್ಕುಗಳಿಗೆ ಬಣ್ಣಗಳಿವೆ: ಮೂಡಣಕ್ಕೆ ಬಿಳಿ, ತೆಂಕಣಕ್ಕೆ ನೀಲಿ, ಪಡುವಣಕ್ಕೆ ಹಳದಿ, ಬಡಗಣಕ್ಕೆ ಕಪ್ಪು. ಹೊಗಾನಿನ ಬಾಗಿಲು ಮೂಡಣಕ್ಕೇ ಇರಬೇಕು. ಕಾಮನಬಿಲ್ಲಿನ ಕಾವಲುಗಾರ ಮೂರು ಕಡೆ ಬಳಸಿ ತೆರೆದು ಬಿಡುವುದೂ ಮೂಡಣವನ್ನೇ.

ಚಿತ್ರ ಮುಗಿದ ಮೇಲೆ ನಡೆಯುವುದು ನನ್ನನ್ನು ತೀರಾ ಕಲಕಿತು. ರೋಗಿಯನ್ನು ಕರೆತಂದು ಆ ಚಿತ್ರದ ಮೇಲೆಯೇ ಕೂರಿಸುತ್ತಾರೆ. ಹಾಡುಗಾರ ತನ್ನ ಒದ್ದೆ ಅಂಗೈಯನ್ನು ದೇವತೆಯ ಪಾದಕ್ಕೆ ಒತ್ತಿ, ಅಂಟಿದ ಮರಳನ್ನು ರೋಗಿಯ ಪಾದಕ್ಕೆ ಹಚ್ಚುತ್ತಾನೆ. ದೇವತೆಯ ಮಂಡಿಯಿಂದ ರೋಗಿಯ ಮಂಡಿಗೆ, ಎದೆಯಿಂದ ಎದೆಗೆ, ತಲೆಯಿಂದ ತಲೆಗೆ. ದೇವತೆಯ ಬಲ ಈ ಕಡೆ ಬರುತ್ತದೆ, ಕಾಯಿಲೆ ಮರಳಿಗೆ ಇಳಿಯುತ್ತದೆ. ಅನಂತರ ಗಂಟೆಗಟ್ಟಲೆ ಬರೆದ ಆ ಚಿತ್ರವನ್ನು ಕದಡಿ, ಮರಳನ್ನು ಬಾಚಿ ಹೊರಗೆ ಒಯ್ದು ಬಡಗಣದ ಕಡೆಗೆ ಚೆಲ್ಲಿಬಿಡುತ್ತಾರೆ. ಅದೇ ದಿನ ಎಲ್ಲವೂ ಮುಗಿಯಬೇಕು. ಪ್ರಾರ್ಥನೆಯ ಕೊನೆಯಲ್ಲಿ 'ಹೋಜೋ ನಾಹಾಸ್‌ದ್ಲೀ' ಎಂಬ ಮಾತನ್ನು ನಾಲ್ಕು ಸಲ ಹೇಳುತ್ತಾರೆ. 'ಮತ್ತೆ ಎಲ್ಲವೂ ಚೆನ್ನಾಯಿತು' ಎಂದು ನಾನು ಅದನ್ನು ಕನ್ನಡಿಸಿಕೊಂಡಿದ್ದೇನೆ. ಹೋಜೋ ಎಂದರೆ ಚೆಲುವು, ಆರೋಗ್ಯ, ಎಲ್ಲವೂ ತಂತಮ್ಮ ಜಾಗದಲ್ಲಿರುವ ನೆಮ್ಮದಿ. ನಮ್ಮಲ್ಲಿ 'ಚೆನ್ನ' ಎಂಬ ಸಣ್ಣ ಮಾತಿಗೆ ಒಂದು ಕಾಲದಲ್ಲಿದ್ದ ಹರವು ಅದಕ್ಕಿದೆ ಎಂದು ನನ್ನ ಊಹೆ.

ದೇವರ ಚಿತ್ರದ ಮೇಲೆ ಕೂರುವುದು! ಇದನ್ನು ಓದಿದಾಗ ನನಗೆ ನೆನಪಾದವಳು ನನ್ನ ಅಜ್ಜಿ. ಅಜ್ಜಿಯ ತವರು ಶೆಟ್ಟಿಹಳ್ಳಿ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಡೆಯಾದ ಊರು ಅದು; 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ ಇಂದಿಗೂ ಮಳೆಗಾಲದಲ್ಲಿ ನೀರಿಗಿಳಿದು ಬೇಸಗೆಯಲ್ಲಿ ಮೇಲೇಳುತ್ತಿರುವುದನ್ನು ನೋಡಲು ಈಗ ಬೆಂಗಳೂರಿನಿಂದ ಕ್ಯಾಮೆರಾ ಹಿಡಿದು ಬರುತ್ತಾರೆ. ಅಜ್ಜಿ ಒಂದು ದಿನವೂ ಅಲ್ಲಿಗೆ ನೋಡಲು ಹೋಗಲಿಲ್ಲ. ಆದರೆ ಹಾಸನದ ಬಾಡಿಗೆ ಮನೆಯ ಮುಂದೆ ಪ್ರತಿದಿನ ಸಗಣಿ ಸಾರಿಸಿ ಚುಕ್ಕಿ ಇಟ್ಟು ಎಳೆ ಎಳೆಯುವುದನ್ನು ಕೊನೆಯವರೆಗೂ ಬಿಡಲಿಲ್ಲ. ನನಗೆ ಹತ್ತು ವರ್ಷವಿದ್ದಾಗ ಒಂದು ಕ್ರಿಸ್ಮಸ್ ಮುಂಜಾನೆ, ಅಜ್ಜಿ ಎದ್ದು ಬರುವುದರೊಳಗೆ ನಾನೇ ಬಾಗಿಲ ಮುಂದೆ ದೊಡ್ಡದೊಂದು ಶಿಲುಬೆ ಬರೆದು, ಅದಕ್ಕೆ ಕುಂಕುಮದ ಬಣ್ಣ ತುಂಬಿ, ಹೊಗಳಿಕೆಗಾಗಿ ಕಾಯುತ್ತ ನಿಂತಿದ್ದೆ. ಅಜ್ಜಿ ಒಂದು ಕ್ಷಣ ನೋಡಿದಳು, ಬಗ್ಗಿ ಸೆರಗಿನ ತುದಿಯಿಂದ ಶಿಲುಬೆಯನ್ನು ಮೆಲ್ಲಗೆ ಅಳಿಸಿದಳು.

"ಕಾಲು ಬೀಳೋ ಕಡೆ ಸ್ವಾಮೀನ ಮಲಗಿಸ್ತೀಯೇನೋ ಮಗ?"

ಆ ಜಾಗದಲ್ಲಿ ಒಂದು ನಕ್ಷತ್ರ ಬರೆದಳು. ಗಮನಿಸಿ, ಅವಳು ರಂಗೋಲಿಯನ್ನು ಬೇಡವೆನ್ನಲಿಲ್ಲ. ನಮ್ಮ ಕೇರಿಯಲ್ಲಿ ಆಗ ರಂಗೋಲಿ ಕ್ರೈಸ್ತರಿಗೆ ಸಲ್ಲುವುದೋ ಇಲ್ಲವೋ ಎಂಬ ಚರ್ಚೆ ನಡೆಯುತ್ತಿದ್ದರೂ ಅದು ಅವಳ ಕಿವಿಗೆ ಬಿದ್ದಂತಿರಲಿಲ್ಲ. ಯಾವುದನ್ನು ಎಲ್ಲಿ ಬರೆಯಬೇಕು ಎಂಬುದಷ್ಟೇ ಅವಳ ಲೆಕ್ಕ. ಕಾಲು ತಾಗಿದರೆ ಮೈಲಿಗೆ ಎನ್ನುವ ನಮ್ಮ ಲೆಕ್ಕಕ್ಕೂ, ಮೈಯೆಲ್ಲ ತಾಗಿದರೇ ವಾಸಿ ಎನ್ನುವ ನವಾಹೊ ಲೆಕ್ಕಕ್ಕೂ ನಡುವೆ ಸಮುದ್ರವಿದೆ. ಹಾಗಿದ್ದರೂ ಎರಡರಲ್ಲೂ ಚಿತ್ರ ನೋಡುವ ವಸ್ತುವಲ್ಲ, ಅದರ ಹತ್ತಿರ ನಡೆದುಕೊಳ್ಳುವ ರೀತಿಯೊಂದಿದೆ.

ಹಾಗಾದರೆ ಅಂದೇ ಅಳಿಸಬೇಕಾದ ಚಿತ್ರ ಅಂಟು ಬಳಿದ ಹಲಗೆಯ ಮೇಲೆ ಕುಳಿತು ನಮ್ಮ ನಡುಮನೆಗೆ ಬಂದದ್ದು ಹೇಗೆ? ಇದಕ್ಕೆ ಕಾರಣರಾದವರಲ್ಲಿ ಹಾಡುಗಾರರೇ ಇದ್ದಾರೆ. ಹೊಸ್ಟೀನ್ ಕ್ಲಾಹ್ ಎಂಬ ಪ್ರಸಿದ್ಧ ಹಾಡುಗಾರ ನೇಕಾರನೂ ಆಗಿದ್ದ. 1893ರ ಶಿಕಾಗೊ ವಸ್ತುಪ್ರದರ್ಶನದಲ್ಲಿ ನೇಯ್ದು ತೋರಿಸಿದ್ದ ಅವನು, 1919ರ ಸುಮಾರಿಗೆ ಮರಳಿನ ಚಿತ್ರಗಳನ್ನು ಉಣ್ಣೆಯ ಕಂಬಳಿಗಳಲ್ಲಿ ನೇಯತೊಡಗಿದ. ಹೀಗೆ ಮಾಡಿದವರ ಕಣ್ಣು ಹೋಗುತ್ತದೆ ಎಂಬ ಭಯ ಜನರಲ್ಲಿತ್ತು. ಕ್ಲಾಹ್ ತನ್ನ ರಕ್ಷಣೆಗೂ, ತನ್ನೊಡನೆ ನೇಯುತ್ತಿದ್ದ ಸೋದರ ಸಂಬಂಧಿ ಹುಡುಗಿಯರ ರಕ್ಷಣೆಗೂ ವಿಧಿಗಳನ್ನು ನಡೆಸಿದ. ತನ್ನ ಬಳಿಕ ಇವನ್ನೆಲ್ಲ ನೆನಪಿಟ್ಟುಕೊಳ್ಳುವವರಿಲ್ಲ ಎಂಬ ಚಿಂತೆ ಅವನದಾಗಿತ್ತು. ಮೇರಿ ಕ್ಯಾಬಟ್ ವೀಲ್‌ರೈಟ್ ಎಂಬ ಶ್ರೀಮಂತ ಮಹಿಳೆಯ ಜೊತೆಗೂಡಿ ಅವನು ಕಟ್ಟಿದ ವಸ್ತುಸಂಗ್ರಹಾಲಯ ಸಾಂಟಾ ಫೆ ನಗರದಲ್ಲಿ 1937ರಲ್ಲಿ ತೆರೆಯಿತು. ಅದೇ ವರ್ಷ ಅವನು ತೀರಿಕೊಂಡ. 20ನೆಯ ಶತಮಾನದ ನಡುಭಾಗದಲ್ಲಿ ಫ್ರೆಡ್ ಸ್ಟೀವನ್ಸ್ ಎಂಬ ಇನ್ನೊಬ್ಬ ಹಾಡುಗಾರ ಹಲಗೆಗೆ ಅಂಟು ಸವರಿ ಮರಳನ್ನು ನಿಲ್ಲಿಸುವ ಕೆಲಸಕ್ಕೆ ಕೈಹಾಕಿದವರಲ್ಲಿ ಮೊದಲಿಗರ ಸಾಲಿಗೆ ಸೇರಿದವನು.

ಆದರೆ ಮಾರಾಟದ ಹಲಗೆಗೆ ಬರೆಯುವಾಗ ಅವರು ಬೇಕೆಂದೇ ಏನನ್ನಾದರೂ ತಪ್ಪಿಸುತ್ತಾರೆ. ಒಂದು ಆಕೃತಿಯನ್ನು ಬಿಡುತ್ತಾರೆ, ಎರಡು ಬಣ್ಣಗಳನ್ನು ಅದಲುಬದಲು ಮಾಡುತ್ತಾರೆ, ನಾಲ್ಕು ಇರಬೇಕಾದ ಕಡೆ ಎರಡು ಇಡುತ್ತಾರೆ. ಪೂರ್ಣವಾಗಿ ಬರೆದರೆ ದೇವತೆಗಳು ಬರುತ್ತಾರೆ. ಕರೆದ ಮೇಲೆ ಉಪಚರಿಸಬೇಕು. ಅಂಗಡಿಯ ಗೋಡೆಯ ಮೇಲೆ ಉಪಚಾರ ಎಲ್ಲಿಂದ? ಆದ್ದರಿಂದ ಕರೆಯದ ಹಾಗೆ ಬರೆಯುತ್ತಾರೆ. ಮೂವತ್ತು ವರ್ಷ ಮಕ್ಕಳ ಚಿತ್ರಗಳಲ್ಲಿ ತಪ್ಪು ಹುಡುಕಿ ಅಂಕ ಕಳೆದವನಿಗೆ ಈ ಸಂಗತಿ ಕೊಟ್ಟ ಸಂತೋಷ ಅಷ್ಟಿಷ್ಟಲ್ಲ. ನನ್ನ ಹೆಂಡತಿಯ ಪ್ರಶ್ನೆಗೆ ಅರ್ಧ ಉತ್ತರವೂ ಇಲ್ಲಿ ಸಿಕ್ಕಿತು. ನಮ್ಮ ಗೋಡೆಯ ಮೇಲಿರುವುದು ದೇವರ ಪಟವಲ್ಲ. ದೇವರನ್ನು ಕರೆಯದೆ ಇರುವಷ್ಟು ಮರ್ಯಾದೆ ಇಟ್ಟುಕೊಂಡು ಬರೆದ ಪಟ.

ಕ್ರೈಸ್ತಧರ್ಮ ನವಾಹೊ ನಾಡಿಗೆ ಬಂದ ಬಗೆಯನ್ನು, ನಾನೂ ಆ ಧರ್ಮದವನೇ ಆದ್ದರಿಂದ, ನುಣುಚಿಕೊಳ್ಳದೆ ಹೇಳಬೇಕು. 1864ರಲ್ಲಿ ಅಮೆರಿಕದ ಸೈನ್ಯ ನವಾಹೊ ಜನರ ಬೆಳೆ ಸುಟ್ಟು, ಪೀಚ್ ತೋಪುಗಳನ್ನು ಕಡಿದು, ಸಾವಿರಾರು ಜನರನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ಬೋಸ್ಕೆ ರೆಡೊಂಡೊ ಎಂಬಲ್ಲಿ ಕೂಡಿಹಾಕಿತು. 1868ರ ಒಪ್ಪಂದದ ಮೇಲೆ ಅವರು ತಮ್ಮ ನೆಲಕ್ಕೆ ಮರಳಿದರು. 1883ರಲ್ಲಿ ಸರ್ಕಾರ ಹೊರಡಿಸಿದ ನಿಯಮಗಳು ಮೂಲನಿವಾಸಿಗಳ ಎಷ್ಟೋ ವಿಧಿಗಳನ್ನೂ ಅವರ ವೈದ್ಯರ ಕೆಲಸವನ್ನೂ ಅಪರಾಧವೆಂದು ಕರೆದವು. ಮಿಷನ್‌ಗಳು ನೆಲೆಯೂರಿದ್ದು ಈ ಕಾಲದಲ್ಲಿ. 1898ರಲ್ಲಿ ಕಥೋಲಿಕರ ಫ್ರಾನ್ಸಿಸ್ಕನ್ ಸಂಘದ ಗುರುಗಳು ಸೇಂಟ್ ಮೈಕಲ್ಸ್ ಎಂಬಲ್ಲಿ ಬಿಡಾರ ಹೂಡಿದರು. ಮುಂದೆ ಸಂತ ಪದವಿ ಪಡೆದ ಕ್ಯಾಥರೀನ್ ಡ್ರೆಕ್ಸೆಲ್ ಅದಕ್ಕೆ ಹಣ ಕೊಟ್ಟಾಕೆ. ಪ್ರೊಟೆಸ್ಟಂಟರ ಒಂದು ಪಂಗಡವಾದ ಪ್ರೆಸ್ಬಿಟೇರಿಯನ್ನರು 1901ರಲ್ಲಿ ಗನಾಡೊ ಎಂಬ ಊರಿಗೆ ಬಂದರು. ನವಾಹೊ ಜನ ಪಾದ್ರಿಗಳಿಗೆ ಇಟ್ಟ ಹೆಸರಿಗೆ 'ಬಟ್ಟೆ ಎಳೆದುಕೊಂಡು ನಡೆಯುವವರು' ಎಂದು ಅರ್ಥ. ನಿಲುವಂಗಿಯ ಅಂಚು ಮರಳಿನಲ್ಲಿ ಗೆರೆ ಎಳೆಯುತ್ತ ಹೋಗುವುದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಆ ಗುರುಗಳಲ್ಲಿ ಬೆರಾರ್ಡ್ ಹೈಲಿ ಎಂಬವರು ನಮಗೆ ಪರಿಚಿತವಾದ ಒಂದು ಜಾತಿಯವರು: ಕಲಿಸಲು ಬಂದು ಕಲಿಯುತ್ತ ಕುಳಿತವರು. 1900ರಿಂದ ಅರ್ಧ ಶತಮಾನಕ್ಕೂ ಮಿಕ್ಕಿ ನವಾಹೊ ಭಾಷೆಯನ್ನು, ವಿಧಿಗಳ ಹಾಡುಗಳನ್ನು, ಕಥೆಗಳನ್ನು ಬರೆದಿಟ್ಟುಕೊಂಡರು. ಫ್ರಾನ್ಸಿಸ್ಕನ್ನರ ನವಾಹೊ ನಿಘಂಟು 1910ರಲ್ಲಿ ಅಚ್ಚಾಯಿತು. 1894ರಲ್ಲಿ ಕನ್ನಡದ ನಿಘಂಟನ್ನು ಮುಗಿಸಿದ ಕಿಟೆಲ್ಲರನ್ನು ಬಲ್ಲ ನಮಗೆ ಇಂಥ ಪಾದ್ರಿಗಳ ಹುಚ್ಚನ್ನು ಬಿಡಿಸಿ ಹೇಳಬೇಕಾಗಿಲ್ಲ. ನವಾಹೊ ಬೈಬಲಿನ ಹೊಸ ಒಡಂಬಡಿಕೆ 1956ರಲ್ಲೂ, ಪೂರ್ಣ ಬೈಬಲ್ 1985ರಲ್ಲೂ ಬಂದವು. ಅದರಲ್ಲಿ ದೇವರಿಗೆ ಬಳಸಿರುವ ಹೆಸರು 'ದಿಯಿನ್ ಗಾಡ್'. 'ದಿಯಿನ್' ನವಾಹೊ ಮಾತು, ಪವಿತ್ರ ಎಂದರ್ಥ. ಮರಳಿನ ಚಿತ್ರಕ್ಕೆ ಬಂದು ಹೋಗುವ 'ದಿಯಿನ್ ದಿನೇ'ಗಳ ಹೆಸರಿನ ಮೊದಲ ಪದವೂ ಅದೇ. 'ಗಾಡ್' ಮಾತ್ರ ಇಂಗ್ಲಿಷಿನದು ಹಾಗೆಯೇ ಉಳಿದಿದೆ. 'ದೇವರು' ಎಂದು ನಾವು ಎರಡನೆಯ ಯೋಚನೆಯಿಲ್ಲದೆ ಅನ್ನುತ್ತೇವೆ. ಒಂದು ಜನಾಂಗ ತನ್ನ ವಿಶೇಷಣವನ್ನು ಕೊಟ್ಟು ನಾಮಪದವನ್ನು ಕೊಡದೆ ಇದ್ದದ್ದರಲ್ಲಿ ಹಲಗೆಯ ಮೇಲಿನ ಬೇಕೆಂದೇ ಮಾಡಿದ ತಪ್ಪಿನದೇ ಜಾಣತನವನ್ನು ನಾನು ಕಾಣುತ್ತೇನೆ. ಭಾಷಾಂತರದ ಒಳಗಿನವರು ಇದನ್ನು ಒಪ್ಪದಿರಬಹುದು.

ಇನ್ನು ಶಾಲೆಗಳು. ವಸತಿಶಾಲೆಗಳಲ್ಲಿ ಮಕ್ಕಳ ಕೂದಲು ಕತ್ತರಿಸಿದರು, ಅವರ ಮಾತನ್ನು ಬಾಯಿಂದ ಕಿತ್ತರು. ಸರ್ಕಾರದ ಶಾಲೆಗಳೂ ಇದ್ದವು, ಕ್ರೈಸ್ತ ಸಭೆಗಳವೂ ಇದ್ದವು. ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು ಇದರಲ್ಲಿ ತಮ್ಮ ಪಾಲಿಗಾಗಿ 2024ರ ಜೂನಿನಲ್ಲಿ ಕ್ಷಮೆ ಕೇಳಿದರು. ಈ ಶಾಲೆಗಳ ಕಥೆಯನ್ನು ಇಬ್ಬರು ಚಿತ್ರಕಾರರ ಮೂಲಕ ನೋಡಿದರೆ ಸುಲಭದ ತೀರ್ಪು ಬಾಯಿಗೆ ಬರುವುದಿಲ್ಲ. ಕಾರ್ಲ್ ಗೋರ್ಮನ್ ಹುಡುಗನಾಗಿದ್ದಾಗ ಒಂದು ಮಿಷನ್ ಶಾಲೆಯಲ್ಲಿ ನವಾಹೊ ಮಾತಾಡಿದ್ದಕ್ಕೆ ಕ್ರೂರ ಶಿಕ್ಷೆ ಅನುಭವಿಸಿದರು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರಿಗೆ ತಿಳಿಯದ ಗುಪ್ತಲಿಪಿಯೊಂದು ಬೇಕಾದಾಗ ಅಮೆರಿಕದ ನೌಕಾಯೋಧರ ಪಡೆ ಅದನ್ನು ಕಟ್ಟಿದ್ದು ಅದೇ ನವಾಹೊ ಮಾತಿನಿಂದ. 1942ರಲ್ಲಿ ಆರಿಸಿದ ಮೊದಲ 29 ಜನರಲ್ಲಿ ಈ ಕಾರ್ಲ್ ಒಬ್ಬರು. ಯುದ್ಧ ಮುಗಿದ ಮೇಲೆ ಅವರು ಚಿತ್ರಕಲೆ ಕಲಿತು ಚಿತ್ರಕಾರರಾದರು. ಅವರ ಮಗ ಆರ್. ಸಿ. ಗೋರ್ಮನ್ ಹುಟ್ಟಿದ್ದು 1931ರಲ್ಲಿ. ಈ ಹುಡುಗನೂ ಓದಿದ್ದು ಮಿಷನ್ ಶಾಲೆಯಲ್ಲೇ, ಗನಾಡೊದ ಪ್ರೆಸ್ಬಿಟೇರಿಯನ್ ಶಾಲೆಯಲ್ಲಿ. ತನಗೆ ಚಿತ್ರದ ಹುಚ್ಚು ಹಿಡಿಸಿದ್ದು ಅಲ್ಲಿಯ ಒಬ್ಬ ಶಿಕ್ಷಕಿ ಎಂದು ಆತ ಕೊನೆಯವರೆಗೂ ನೆನೆದರು. ತಂದೆಯ ಬಾಯಿ ಕಟ್ಟಿದ್ದೂ ಮಿಷನ್ ಶಾಲೆ, ಮಗನ ಕೈ ಬಿಚ್ಚಿದ್ದೂ ಮಿಷನ್ ಶಾಲೆ.

ಮಗ ಗೋರ್ಮನ್ ಬರೆದ ಹೆಂಗಸರನ್ನು ನೀವೂ ಎಲ್ಲೋ ಕ್ಯಾಲೆಂಡರಿನಲ್ಲಿ ನೋಡಿರುತ್ತೀರಿ: ಕಂಬಳಿ ಹೊದ್ದು ಬೆಟ್ಟದ ಹಾಗೆ ಕುಳಿತ ದಪ್ಪ ದೇಹ, ಬರಿಗಾಲು, ಕಟ್ಟಿದ ಕೂದಲು, ನಾಲ್ಕೈದೇ ಗೆರೆಗಳಲ್ಲಿ ಮುಗಿದ ಆಕಾರ. ನೋಡಿದ ಕೂಡಲೇ ನನಗೆ ದುಃಖಮಾತೆಯ ಪ್ರತಿಮೆ ನೆನಪಾಯಿತು. ಅದು ನನ್ನ ಕಣ್ಣಿನ ಅಭ್ಯಾಸ. ಅವರು ಬರೆದದ್ದು ತಮ್ಮ ಅಜ್ಜಿಯಂಥ ನವಾಹೊ ಹೆಂಗಸರನ್ನು. ಅವರಿಗಿಂತ ಹಿಂದಿನ ತಲೆಮಾರಿನ ಹ್ಯಾರಿಸನ್ ಬಿಗೇ, ಜೆರಾಲ್ಡ್ ನೇಲರ್ ಮೊದಲಾದವರು ಸಾಂಟಾ ಫೆ ಶಾಲೆಯಲ್ಲಿ ಡೊರೊಥಿ ಡನ್ 1932ರಲ್ಲಿ ಆರಂಭಿಸಿದ ಚಿತ್ರಶಾಲೆಯಲ್ಲಿ ಕಲಿತವರು. ನೇಲರ್ 1942-43ರಲ್ಲಿ ವಿಂಡೋ ರಾಕ್ ಪಟ್ಟಣದ ನವಾಹೊ ಸಭಾಭವನದ ಗೋಡೆಗಳ ಮೇಲೆ ತನ್ನ ಜನರ ಚರಿತ್ರೆಯನ್ನೇ ಬರೆದ. ಭವನವೂ ಹೊಗಾನಿನ ಹಾಗೆ ಎಂಟು ಮೂಲೆಯದು. ಕ್ರಿಸ್ತನನ್ನು ಬರೆಯುವುದು ಈ ಪಂಥದವರ ಮುಖ್ಯ ಕೆಲಸವಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. ಕುದುರೆ, ಜಿಂಕೆ, ಮಗ್ಗ, ಕುರಿಮಂದೆಗಳೇ ಅವರಿಗೆ ಸಾಕಾಗಿದ್ದವು.

ಕ್ರೈಸ್ತ ಆರಾಧನೆಯೂ ನವಾಹೊ ರೂಪವೂ ಕೂಡಿದ್ದು ಚಿತ್ರಕ್ಕಿಂತ ಹೆಚ್ಚಾಗಿ ಕಟ್ಟಡದಲ್ಲಿ ಎಂದು ನನಗನ್ನಿಸುತ್ತದೆ. ಚಿನ್ಲಿ ಎಂಬ ಊರಿನ ಫಾತಿಮಾ ಮಾತೆಯ ದೇವಾಲಯ ಮರದ ದಿಮ್ಮಿಗಳಿಂದ ಕಟ್ಟಿದ ದೊಡ್ಡ ಹೊಗಾನ್. ಎಪಿಸ್ಕೋಪಲ್ ಎಂಬ ಕ್ರೈಸ್ತ ಸಭೆಯಲ್ಲಿ 1990ರಲ್ಲಿ ಸ್ಟೀವನ್ ಪ್ಲಮರ್ ಎಂಬ ನವಾಹೊ ವ್ಯಕ್ತಿಯೇ ಬಿಷಪ್ ಆದರು. ಇನ್ನೊಂದೆಡೆ, ಕ್ರಿಸ್ತನನ್ನು ನಂಬಿದ ಮೇಲೆ ಹಾಡುಗಾರನ ಮನೆಯ ಕಡೆ ತಲೆಹಾಕಬಾರದೆಂದು ಬೋಧಿಸುವ ಪೆಂಟೆಕೋಸ್ಟಲ್ ಸಭೆಗಳೂ ಅಲ್ಲಿ ಬಹಳವಿವೆ. ಅವರ ಮನೆಗಳಲ್ಲಿ ನನ್ನ ಹಲಗೆಯಂಥದ್ದು ಇರುವ ಪ್ರಶ್ನೆಯೇ ಇಲ್ಲ. ಹೊರಗಿನವರಾದ ಜಾನ್ ಗಿಯುಲಿಯಾನಿ ಎಂಬ ಇಟಲಿ ಮೂಲದ ಅಮೆರಿಕನ್ ಗುರುಗಳು ಯೇಸು, ಮರಿಯಮ್ಮನವರನ್ನು ಬೇರೆ ಬೇರೆ ಮೂಲನಿವಾಸಿ ಜನಾಂಗಗಳ ಉಡುಪಿನಲ್ಲಿ ಪ್ರತಿಮಾಚಿತ್ರಗಳಾಗಿ ಬರೆದರು. ಚಿತ್ರಗಳು ಸುಂದರವಾಗಿವೆ. ಆದರೂ ಅವನ್ನು ನೋಡುವಾಗ ನನಗೆ ಗೋವಾದ ಆಂಜೆಲೊ ದ ಫೊನ್ಸೆಕಾ ನೆನಪಾಗುತ್ತಾರೆ. ಶಾಂತಿನಿಕೇತನದಲ್ಲಿ ಕಲಿತುಬಂದು ಮರಿಯಮ್ಮನವರಿಗೆ ಸೀರೆ ಉಡಿಸಿದ್ದಕ್ಕೆ ಊರವರ ಕೋಪಕ್ಕೆ ಗುರಿಯಾಗಿ ಪುಣೆ ಸೇರಿದವರು ಅವರು. ಸ್ವಂತ ತಾಯಿಯ ಸೀರೆಯನ್ನು ಮಾತೆಗೆ ಉಡಿಸುವವನಿಗೂ ನೆರೆಮನೆಯವರ ಪೆಟ್ಟಿಗೆಯಿಂದ ತೆಗೆದು ಉಡಿಸುವವನಿಗೂ, ಭಕ್ತಿ ಎಷ್ಟೇ ಸಮನಾಗಿರಲಿ, ಕೇಳಬೇಕಾದ ಅಪ್ಪಣೆಯಲ್ಲಿ ವ್ಯತ್ಯಾಸವಿದೆ.

ಮರಳಿನ ಚಿತ್ರಕ್ಕೂ ನನ್ನ ನಂಬಿಕೆಗೂ ನಿಜವಾದ ಸಂಬಂಧ ನನಗೆ ಹೊಳೆದದ್ದು ಯಾವ ಚಿತ್ರದಲ್ಲೂ ಅಲ್ಲ, ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಆರಂಭವಾಗುವ ಹೋದ ಬೂದಿ ಬುಧವಾರದ ಬಲಿಪೂಜೆಯಲ್ಲಿ. ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಮುದುಕಿಯ ಹಣೆಗೆ ಸ್ವಾಮಿಗಳು, ಎಂದರೆ ನಮ್ಮ ಪಾದ್ರಿಗಳು, ಬೂದಿಯಿಂದ ಶಿಲುಬೆ ಎಳೆಯುತ್ತ, ಮಣ್ಣಿನಿಂದ ಬಂದವರು ಮಣ್ಣಿಗೇ ಮರಳುತ್ತೇವೆ ಎನ್ನುವ ಮಾತು ಹೇಳಿದರು. ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಪುಡಿ ಹಿಡಿದು ಮೈಮೇಲೆ ಬರೆದ ಚಿತ್ರ. ಮನೆಗೆ ಹೋಗುವಷ್ಟರಲ್ಲಿ ಬೆವರಿಗೆ ಅಳಿಯುವ ಚಿತ್ರ. ಆ ಬೂದಿಯಾದರೂ ಎಲ್ಲಿಯದು? ಹಿಂದಿನ ವರ್ಷ ಗರಿಗಳ ಭಾನುವಾರ ಮಂತ್ರಿಸಿ ಕೊಟ್ಟ, ನಾವು ಪಟಗಳ ಹಿಂದೆ ಸಿಕ್ಕಿಸಿಟ್ಟ ಗರಿಗಳು ಒಣಗಿ, ವಾಪಸು ಬಂದು, ಸುಟ್ಟು ಆದದ್ದು. ಆಮೇಲೆ ಸ್ವಾಮಿಗಳು ರೊಟ್ಟಿಯನ್ನು ಎತ್ತಿ ಹಿಡಿದರು. ಅದೂ ನೋಡುತ್ತ ಕೂರಲು ಕೊಟ್ಟದ್ದಲ್ಲ, ತಿಂದು ಮುಗಿಸಲು ಕೊಟ್ಟದ್ದು. ಹೀಗಿದ್ದೂ ಕಥೋಲಿಕರಾದ ನಾವು ಶತಮಾನಗಳಿಂದ ಹೆಮ್ಮೆಪಡುತ್ತಿರುವುದು ಗೋಡೆಯ ಮೇಲೆ ಉಳಿಯುವ ಚಿತ್ರಗಳ ಬಗ್ಗೆ. ಈ ಹೋಲಿಕೆಯನ್ನು ಹಾಡುಗಾರರ ಮೇಲೆ ಹೇರುವಂತಿಲ್ಲ. ಅವರ ದೇವತೆಗಳು ಅವರವು, ಆ ಮರಳಿಗೆ ನಮ್ಮ ಬೂದಿಯ ವ್ಯಾಖ್ಯಾನ ಬೇಕಾಗಿಲ್ಲ. ನನ್ನ ಬೂದಿಯನ್ನು ನಾನು ಅರವತ್ತು ವರ್ಷಗಳ ಮೇಲೆ ಸರಿಯಾಗಿ ನೋಡಿದ್ದು ಮಾತ್ರ ಅವರ ಮರಳಿನಿಂದ.

ಡಿಸೆಂಬರಿನಲ್ಲಿ ನಮ್ಮ ದೇವಾಲಯದ ಯುವಕರ ಗುಂಪು ಗೋದಲಿ, ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವ ಮೊದಲು ನಮ್ಮ ಮನೆಗೆ ಬಂತು. ಗೋಡೆಯ ಮೇಲಿನ ಹಲಗೆಯನ್ನು ನೋಡಿದವರೇ, ಇದೇ ಚಿತ್ರವನ್ನು ಗೋದಲಿಯ ಮುಂದೆ ಬಣ್ಣದ ಪುಡಿಯಲ್ಲಿ ಹತ್ತು ಅಡಿ ಬರೆದು, ಜೋಳದ ಗಿಡದ ಜಾಗದಲ್ಲಿ ಬಾಲಯೇಸುವನ್ನು ಮಲಗಿಸೋಣ ಎಂದರು. ಹೊಸದಾಗಿ ಕಾಣುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ ಎಂಬುದು ಅವರ ವಾದ. ನಾನು ಬೇಡವೆಂದೆ.

"ಸರ್, ಅಮೆರಿಕದಿಂದ ಹಾಸನಕ್ಕೆ ಬಂದು ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ ಕಣಪ್ಪ. ಅದಕ್ಕೇ ಬೇಡ ಅಂದೆ."

ಹುಡುಗನ ಮುಖ ಸಣ್ಣಗಾಯಿತು. ಬೇಡ ಎಂದ ಮೇಲೆ ಬೇರೇನಾದರೂ ಮಾಡಿಕೊಡುವುದು ನನ್ನ ಪಾಲಿಗೇ ಬಿತ್ತು. ಕ್ರಿಸ್ಮಸ್ ಹಬ್ಬದ ಹಿಂದಿನ ದಿನ ಸಂಜೆ ಅಜ್ಜಿಯ ಹದಿನೈದು ಚುಕ್ಕಿಯ ರಂಗೋಲಿಯೊಂದನ್ನು ನೆನಪಿನಿಂದಲೇ ಗೋದಲಿಯ ಮುಂದಿನ ನೆಲಕ್ಕೆ ಇಳಿಸಿದೆ. ಮೊಣಕಾಲು ಹಿಡಿದುಕೊಂಡಿತು, ಎಳೆ ಎಳೆಯುವಾಗ ಬೆರಳು ಅಜ್ಜಿಯದರಂತೆ ಹರಿಯದೆ ಅಲ್ಲಲ್ಲಿ ಪುಡಿ ಗಂಟು ಕಟ್ಟಿತು. ನಡುವಿನ ಜಾಗದಲ್ಲಿ ಶಿಲುಬೆಯನ್ನೂ ಬರೆಯಲಿಲ್ಲ, ನಕ್ಷತ್ರವನ್ನೂ ಬರೆಯಲಿಲ್ಲ. ಒಂದು ಗೇಣಿನಷ್ಟು ನೆಲವನ್ನು ಖಾಲಿ ಬಿಟ್ಟೆ. ನಡುರಾತ್ರಿಯ ಪೂಜೆಯಲ್ಲಿ ಬಾಲಯೇಸುವಿನ ಪ್ರತಿಮೆಯನ್ನು ಹೊತ್ತು ತಂದ ಸ್ವಾಮಿಗಳು ರಂಗೋಲಿಯನ್ನು ತುಳಿಯದೆ ಗೋದಲಿಯನ್ನು ತಲುಪುವ ದಾರಿಯಿರಲಿಲ್ಲ. ಒಂದು ಕ್ಷಣ ಅನುಮಾನಿಸಿ, ಆ ಖಾಲಿ ಜಾಗಕ್ಕೆ ಬಲಗಾಲಿಟ್ಟು ದಾಟಿದರು. ಅವರ ಹಿಂದೆ ಮಕ್ಕಳು ಅಷ್ಟು ಲೆಕ್ಕ ಹಾಕಲಿಲ್ಲ. ಜನವರಿಯಲ್ಲಿ ಬರುವ ಮೂರು ರಾಯರ ಹಬ್ಬದ ಹೊತ್ತಿಗೆ ನೆಲದ ಮೇಲೆ ಉಳಿದದ್ದು ಬಣ್ಣಬಣ್ಣದ ಧೂಳು ಮತ್ತು ಸಣ್ಣಸಣ್ಣ ಹೆಜ್ಜೆಗಳು.

ಗೋದಲಿ ಬಿಚ್ಚಿದ ದಿನ ಕಸ ಗುಡಿಸುತ್ತಿದ್ದ ಉಪದೇಶಿಗಳು ಮೊರದಲ್ಲಿ ಪುಡಿ ತುಂಬಿಕೊಂಡು ಬಂದು, "ಮೇಷ್ಟ್ರೇ, ಇದನ್ನ ಎಲ್ಲಿಗೆ ಹಾಕಲಿ?" ಎಂದು ನನ್ನನ್ನೇ ಕೇಳಿದರು. ಅಂಗಿಯ ಜೇಬಿನಲ್ಲಿದ್ದ ಕಾಗದದ ಪೊಟ್ಟಣವನ್ನು ತೆಗೆದು ಬಿಚ್ಚಿದೆ. ವರ್ಷವಿಡೀ ಗೋಡೆಯ ಬುಡದಲ್ಲಿ ಉದುರಿದ್ದ ಮರಳನ್ನು ಕಸಕ್ಕೆ ಹಾಕಲಾರದೆ ಅದರಲ್ಲಿ ಕೂಡಿಟ್ಟಿದ್ದೆವು. ಅದನ್ನೂ ಮೊರಕ್ಕೆ ಸುರಿದು, ಕಾಂಪೌಂಡಿನ ಮೂಲೆಯಲ್ಲಿ ಯಾರ ಕಾಲೂ ತಾಗದ ಕಡೆ ಇರುವ ಸಂಪಿಗೆ ಮರದ ಬುಡವನ್ನು ತೋರಿಸಿದೆ.